ಮನೆಯ ನ್ಯಾಸ್‌ಗೆ ವಿಪಿಎನ್: ಪದೇ ಪದೇ ಕೇಳುವ ಪ್ರಶ್ನೆಗಳು

ಫೋಟೋ, ದಾಖಲೆ, ಮಕ್ಕಳ ವಿಡಿಯೋ ಎಲ್ಲವನ್ನೂ ಮನೆಯ ನ್ಯಾಸ್‌ನಲ್ಲಿ, ಅಂದರೆ ನೆಟ್‌ವರ್ಕ್‌ಗೆ ಸಿಕ್ಕಿಸಿದ ಡಿಸ್ಕ್ ಪೆಟ್ಟಿಗೆಯಲ್ಲಿ, ಇಟ್ಟಿದ್ದೀರಿ. ಈಗ ಅದನ್ನು ಆಫೀಸಿನಿಂದಲೋ ಊರಿನಿಂದಲೋ ಹೊರದೇಶದಿಂದಲೋ ತೆರೆಯಬೇಕು. ಅಂಥವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಮೆನುಗಳ ಹೆಸರನ್ನು ಸಿನಾಲಜಿ ಕಂಪನಿಯ ನ್ಯಾಸ್ ಓಡಿಸುವ ಡಿಎಸ್‌ಎಂ 7 ಸಾಫ್ಟ್‌ವೇರ್‌ನಿಂದ ತೆಗೆದುಕೊಂಡಿದ್ದೇವೆ. ಕ್ಯೂನ್ಯಾಪ್ ಅಥವಾ ಬೇರೆ ಪೆಟ್ಟಿಗೆ ಇದ್ದರೆ ಮೆನುವಿನ ಹೆಸರು ಬೇರೆ ಇರುತ್ತದೆ, ಮಾಡಬೇಕಾದ ಕೆಲಸ ಅದೇ.

ನ್ಯಾಸ್‌ನಲ್ಲಿ ವಿಪಿಎನ್ ಅಂದರೆ ಸರಿಯಾಗಿ ಏನು? ದುಡ್ಡು ಕೊಟ್ಟು ಕೊಳ್ಳುವ ವಿಪಿಎನ್ ಇದೇನಾ?

ಅಲ್ಲ. ವಿಪಿಎನ್ ಅಂದರೆ ಇಂಟರ್‌ನೆಟ್ಟಿನ ಮೂಲಕ ಎರಡು ಕಡೆಗಳ ನಡುವೆ ಹಾಕುವ, ಹೊರಗಿನವರು ಓದಲಾಗದ ಗುಪ್ತ ದಾರಿ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿಗೆ ಒಂದೇ ಹೆಸರಿದೆ, ಗೊಂದಲ ಶುರುವಾಗುವುದೇ ಅಲ್ಲಿ. ಹೊರಗಿರುವ ನೀವು ಮನೆಯೊಳಕ್ಕೆ ಬರಲು ನ್ಯಾಸ್ ಬಾಗಿಲು ತೆರೆದು ಕಾಯುತ್ತಿದ್ದರೆ ಅದು ವಿಪಿಎನ್ ಸರ್ವರ್. ಇದಕ್ಕೆ ತಿಂಗಳ ಚಂದಾ ಕಟ್ಟಬೇಕಿಲ್ಲ. ನ್ಯಾಸ್ ತಾನೇ ಹೊರಗಿನ ಒಂದು ವಿಪಿಎನ್ ಕಂಪನಿಗೆ ಕನೆಕ್ಟ್ ಆಗಿ, ತನ್ನ ಡೌನ್‌ಲೋಡುಗಳನ್ನು ಆ ದಾರಿಯಲ್ಲಿ ಕಳಿಸಿದರೆ ಅದು ವಿಪಿಎನ್ ಕ್ಲೈಂಟ್. ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಮೊದಲನೆಯದು. ಈ ಪುಟ ಬಹುಪಾಲು ಅದರ ಬಗ್ಗೆಯೇ ಇದೆ. ಎರಡನೆಯದಕ್ಕೆ ಕೆಳಗೆ ಒಂದು ಪ್ರಶ್ನೆ ಮೀಸಲಿದೆ.

ರೂಟರ್‌ನಲ್ಲಿ 5001 ಪೋರ್ಟ್ ತೆರೆದರೆ ನ್ಯಾಸ್ ಹೊರಗಿನಿಂದ ತೆರೆದುಕೊಳ್ಳುತ್ತದಲ್ಲ? ಮತ್ತೆ ವಿಪಿಎನ್ ಯಾಕೆ?

ಪೋರ್ಟ್ ಅಂದರೆ ಒಂದೊಂದು ಸೇವೆಗೆ ಇರುವ ಅಂಕಿಯ ಬಾಗಿಲು, 5001 ನ್ಯಾಸ್‌ನ ಲಾಗಿನ್ ಪುಟದ್ದು. ಅದು ತೆರೆದುಕೊಳ್ಳುತ್ತದೆ, ನಿಜ. ನಿಮಗೆ ಮಾತ್ರವಲ್ಲ, ಇಂಟರ್‌ನೆಟ್ಟಿನ ಪ್ರತಿ ವಿಳಾಸವನ್ನೂ ತಟ್ಟಿ ನೋಡುವ ಸ್ಕ್ಯಾನರ್‌ಗಳಿಗೂ ತೆರೆದುಕೊಳ್ಳುತ್ತದೆ. 2014ರ ಆಗಸ್ಟ್‌ನಲ್ಲಿ ಸಿನೋಲಾಕರ್ ಎಂಬ ರ್‍ಯಾನ್ಸಮ್‌ವೇರ್ ಹಳೆಯ ಡಿಎಸ್‌ಎಂ ಓಡಿಸುತ್ತಿದ್ದ ಸಿನಾಲಜಿ ಪೆಟ್ಟಿಗೆಗಳಿಗೆ ನುಗ್ಗಿ, ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳಿತು. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್ ಕ್ಯೂನ್ಯಾಪ್‌ಗಳಿಗೆ ನುಗ್ಗಿ, ಫೈಲುಗಳನ್ನೆಲ್ಲ ಪಾಸ್‌ವರ್ಡ್ ಇರುವ 7ಜಿಪ್ ಕಟ್ಟುಗಳಾಗಿ ಮಾಡಿಟ್ಟು 0.01 ಬಿಟ್‌ಕಾಯಿನ್ ಕೇಳಿತು. 2022ರ ಜನವರಿಯಲ್ಲಿ ಬಂದ ಡೆಡ್‌ಬೋಲ್ಟ್ ಕೇಳಿದ್ದು 0.03 ಬಿಟ್‌ಕಾಯಿನ್. ಪೆಟ್ಟಿಗೆ ನೇರವಾಗಿ ಇಂಟರ್‌ನೆಟ್ಟಿಗೆ ಮುಖ ಮಾಡಿದ್ದೇ ಈ ದಾಳಿಗಳಿಗೆ ದಾರಿ ಮಾಡಿಕೊಟ್ಟಿತು. ಲಾಗಿನ್ ಪುಟದ ಹಿಂದೆ ಹತ್ತಾರು ಆ್ಯಪ್‌ಗಳಿರುತ್ತವೆ. ಅವುಗಳಲ್ಲಿ ಒಂದರಲ್ಲಿ ತೂತಿದ್ದರೆ ನಿಮ್ಮ ಪಾಸ್‌ವರ್ಡ್ ಎಷ್ಟೇ ಗಟ್ಟಿ ಇದ್ದರೂ ಉಪಯೋಗವಿಲ್ಲ.

ವಿಪಿಎನ್ ಇದ್ದರೆ ಹೊರಗೆ ಕಾಣುವುದು ಒಂದೇ ಬಾಗಿಲು. ಅದರ ಹಿಂದೆ ಒಂದೇ ಚಿಕ್ಕ ಪ್ರೋಗ್ರಾಂ ಇರುತ್ತದೆ. ವೈರ್‌ಗಾರ್ಡ್ ಎಂಬ ವಿಪಿಎನ್ ಬಗೆ ಆದರೆ ಸರಿಯಾದ ಕೀ ಇಲ್ಲದೆ ತಟ್ಟಿದವರಿಗೆ ಉತ್ತರವನ್ನೇ ಕೊಡುವುದಿಲ್ಲ, ಅಲ್ಲಿ ಬಾಗಿಲಿದೆ ಎಂಬುದೂ ಅವರಿಗೆ ತಿಳಿಯುವುದಿಲ್ಲ. ಈಗಾಗಲೇ 5000, 5001, 8080, 445, 22 ಇವುಗಳಲ್ಲಿ ಯಾವುದನ್ನಾದರೂ ಫಾರ್ವರ್ಡ್ ಮಾಡಿದ್ದರೆ, ಅಂದರೆ ಹೊರಗಿನ ಕರೆಯನ್ನು ರೂಟರ್ ನ್ಯಾಸ್‌ಗೆ ದಾಟಿಸುವಂತೆ ಇಟ್ಟಿದ್ದರೆ, ಇವತ್ತೇ ಮುಚ್ಚಿ. ರೂಟರ್‌ನಲ್ಲಿ ಯುಪಿಎನ್‌ಪಿ ಕೂಡ ಆಫ್ ಮಾಡಿ. ನಿಮ್ಮನ್ನು ಕೇಳದೆಯೇ ನ್ಯಾಸ್ ಅದರ ಮೂಲಕ ಪೋರ್ಟ್ ತೆರೆಸಿಕೊಂಡಿರಬಹುದು.

ಕ್ವಿಕ್‌ಕನೆಕ್ಟ್ ಇದ್ದರೆ ಸಾಲದೇ?

ಅದು ಪೋರ್ಟ್ ತೆರೆಯದೆ ನ್ಯಾಸ್ ತಲುಪಿಸುವ ಸಿನಾಲಜಿಯದೇ ಸೇವೆ. ಫೋನಿನಲ್ಲಿ ಫೋಟೋ ನೋಡಲು ಸಾಕು. ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಡ್ರೈವ್ ಆಗಿ ಹಾಕಿಕೊಳ್ಳಲು, ಮನೆಯ ಕ್ಯಾಮೆರಾ ಅಥವಾ ಪ್ರಿಂಟರ್ ತಲುಪಲು ಆಗದು. ವಿಪಿಎನ್ ಸರ್ವರ್ ಅದರ ಮೇಲೆ ಓಡುವುದೂ ಇಲ್ಲ.

ಎಲ್ಲಕ್ಕಿಂತ ಮೊದಲು ಏನನ್ನು ನೋಡಬೇಕು?

ನಿಮ್ಮ ಮನೆಗೆ ಪಬ್ಲಿಕ್ ಐಪಿ, ಅಂದರೆ ಹೊರಗಿನವರು ನೇರವಾಗಿ ತಲುಪಬಹುದಾದ ಇಂಟರ್‌ನೆಟ್ ವಿಳಾಸ, ಇದೆಯೇ ಎಂಬುದನ್ನು. ಇದನ್ನು ನೋಡದೆ ಶುರು ಮಾಡಿ ಎರಡು ದಿನ ತಲೆ ಕೆಡಿಸಿಕೊಂಡವರೇ ಹೆಚ್ಚು. ಸೆಟ್ಟಿಂಗ್ ಎಲ್ಲ ಸರಿ ಇರುತ್ತದೆ, ಆದರೆ ಹೊರಗಿನ ಕರೆ ಮನೆಯವರೆಗೆ ಬರುವುದೇ ಇಲ್ಲ.

ನೋಡುವ ಬಗೆ ಹೀಗೆ. ರೂಟರ್‌ನ ಸ್ಟೇಟಸ್ ಪುಟ ತೆರೆದು ವ್ಯಾನ್ ಐಪಿ ಎಂಬಲ್ಲಿ ಇರುವ ಅಂಕಿ ಬರೆದುಕೊಳ್ಳಿ. ಆಮೇಲೆ ಅದೇ ವೈಫೈನಲ್ಲಿ, ನಿಮ್ಮ ಐಪಿ ಯಾವುದೆಂದು ತೋರಿಸುವ ಯಾವುದಾದರೂ ಜಾಲತಾಣ ತೆರೆಯಿರಿ. ಎರಡೂ ಒಂದೇ ಆದರೆ ನೀವು ಅದೃಷ್ಟವಂತರು, ಮುಂದುವರಿಯಿರಿ. ಬೇರೆ ಬೇರೆ ಇದ್ದು, ರೂಟರ್‌ನ ಅಂಕಿ 100.64ರಿಂದ 100.127ರೊಳಗೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. ಅಂದರೆ ಒಂದೇ ಪಬ್ಲಿಕ್ ವಿಳಾಸವನ್ನು ಕಂಪನಿ ಹಲವು ಮನೆಗಳಿಗೆ ಹಂಚಿದೆ. 10ರಿಂದ ಶುರುವಾದರೂ ಬಹುತೇಕ ಅದೇ ಕಥೆ. 192.168ರಿಂದ ಶುರುವಾದರೆ ಬಹುಶಃ ಮನೆಯಲ್ಲೇ ಎರಡು ರೂಟರ್ ಒಂದರ ಹಿಂದೆ ಒಂದಿವೆ. ಫೈಬರ್ ಕಂಪನಿ ಕೊಟ್ಟ ಒಎನ್‌ಟಿ ಡಬ್ಬಿ ಒಂದು, ನೀವು ಕೊಂಡು ಸಿಕ್ಕಿಸಿದ್ದು ಇನ್ನೊಂದು. ಆಗ ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಡೇಟಾ ದಾಟಿಸುವ ಸ್ಥಿತಿಗೆ) ಹಾಕಿಸಿ, ಇಲ್ಲವೇ ಪೋರ್ಟನ್ನು ಎರಡೂ ಡಬ್ಬಿಗಳಲ್ಲಿ ಫಾರ್ವರ್ಡ್ ಮಾಡಿ.

ನಮ್ಮಲ್ಲಿ ಮನೆಯ ಫೈಬರ್ ಕನೆಕ್ಷನ್‌ಗಳಲ್ಲಿ ಸಿಜಿನ್ಯಾಟ್ ತುಂಬಾ ಸಾಮಾನ್ಯ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ‘ಪೋರ್ಟ್ ಫಾರ್ವರ್ಡಿಂಗ್ ಆಗುತ್ತಿಲ್ಲ’ ಎಂದರೆ ರೂಟರ್ ರೀಸ್ಟಾರ್ಟ್ ಮಾಡಲು ಹೇಳುತ್ತಾರೆ. ‘ನನ್ನ ಕನೆಕ್ಷನ್ ಸಿಜಿನ್ಯಾಟ್‌ನಲ್ಲಿದೆ, ಪಬ್ಲಿಕ್ ಐಪಿವಿ4 ಬೇಕು, ಸ್ಟ್ಯಾಟಿಕ್ ಆದರೂ ಸರಿ’ ಎಂದು ಈ ಮಾತಿನಲ್ಲೇ ಕೇಳಿ. ಸ್ಟ್ಯಾಟಿಕ್, ಅಂದರೆ ಬದಲಾಗದ, ಐಪಿಗೆ ಸಾಮಾನ್ಯವಾಗಿ ಬೇರೆ ಶುಲ್ಕವಿರುತ್ತದೆ.

ಪಿಪಿಟಿಪಿ, ಎಲ್2ಟಿಪಿ, ಓಪನ್‌ವಿಪಿಎನ್, ವೈರ್‌ಗಾರ್ಡ್: ಯಾವುದನ್ನು ಆರಿಸಲಿ?

ಇವು ವಿಪಿಎನ್‌ನ ನಾಲ್ಕು ಬಗೆಗಳು. ಪಿಪಿಟಿಪಿ ಬೇಡವೇ ಬೇಡ. ಅದರ ಪಾಸ್‌ವರ್ಡ್ ಪದ್ಧತಿಯನ್ನು ಮುರಿಯುವ ಬಗೆ 2012ರಲ್ಲೇ ಬಹಿರಂಗವಾಯಿತು. 2016ರಲ್ಲಿ ಬಂದ ಐಒಎಸ್ 10 ಅದನ್ನು ಕಿತ್ತೇ ಹಾಕಿತು. ಮೆನುವಿನಲ್ಲಿ ಈಗಲೂ ಮೊದಲ ಸಾಲಿನಲ್ಲಿ ಕಾಣುತ್ತದೆ ಎಂದು ಟಿಕ್ ಹಾಕಬೇಡಿ.

ಎಲ್2ಟಿಪಿ ಹೊಸ ಫೋನುಗಳಲ್ಲಿ ಕೈಕೊಡುತ್ತದೆ. ಆಂಡ್ರಾಯ್ಡ್ 12ರಿಂದ ಈಚೆಗೆ ಹೊಸ ಎಲ್2ಟಿಪಿ ಪ್ರೊಫೈಲ್ ಸೇರಿಸಲು ಬರುವುದಿಲ್ಲ. ವಿಂಡೋಸ್‌ನಲ್ಲಿ, ಸರ್ವರ್ ರೂಟರ್‌ನ ಹಿಂದಿದ್ದರೆ ರಿಜಿಸ್ಟ್ರಿ ತಿದ್ದದೆ ಕನೆಕ್ಟ್ ಆಗುವುದಿಲ್ಲ. ಮನೆಯ ನ್ಯಾಸ್ ಯಾವಾಗಲೂ ರೂಟರ್‌ನ ಹಿಂದೆಯೇ ಇರುತ್ತದೆ.

ಉಳಿದದ್ದು ಎರಡು. ಸಿನಾಲಜಿಯ ವಿಪಿಎನ್ ಸರ್ವರ್ ಪ್ಯಾಕೇಜಿನಲ್ಲಿ ಓಪನ್‌ವಿಪಿಎನ್ ಸಿದ್ಧವಾಗಿ ಸಿಗುತ್ತದೆ. ಕ್ಯೂನ್ಯಾಪ್‌ನ ಕ್ಯೂವಿಪಿಎನ್ ಸರ್ವೀಸ್ 3ರಲ್ಲಿ ವೈರ್‌ಗಾರ್ಡ್ ಕೂಡ ಇದೆ. ಕ್ಯೂನ್ಯಾಪ್ ಇದ್ದವರು ವೈರ್‌ಗಾರ್ಡ್ ತೆಗೆದುಕೊಳ್ಳಿ, ಸಿನಾಲಜಿ ಇದ್ದವರು ಓಪನ್‌ವಿಪಿಎನ್. ಸಿಜಿನ್ಯಾಟ್ ಹಿಂದೆ ಇರುವವರು, ಪೆಟ್ಟಿಗೆ ಯಾವುದೇ ಆಗಿರಲಿ, ಕೆಳಗೆ ಟೇಲ್‌ಸ್ಕೇಲ್ ಬಗ್ಗೆ ಹೇಳುವ ‘ನನಗೆ ಪಬ್ಲಿಕ್ ಐಪಿ ಸಿಗುವುದೇ ಇಲ್ಲ’ ಎಂಬ ಪ್ರಶ್ನೆಗೆ ಹೋಗಿ.

ಶುರು ಮಾಡುವ ಮುಂಚೆ ಮನೆಯ ನೆಟ್‌ವರ್ಕ್‌ನಲ್ಲಿ ಏನಾದರೂ ಬದಲಾಯಿಸಬೇಕೆ?

ಎರಡು ಬದಲಾವಣೆ ಬೇಕು. ಎರಡನ್ನೂ ಈಗಲೇ ಮಾಡಿದರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ.

ಒಂದು, ನ್ಯಾಸ್‌ನ ಒಳ ವಿಳಾಸ ಬದಲಾಗದಂತೆ ಮಾಡುವುದು. ರೂಟರ್‌ನ ಡಿಎಚ್‌ಸಿಪಿ (ಐಪಿ ಹಂಚುವ) ಪುಟದಲ್ಲಿ ನ್ಯಾಸ್‌ನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಗುರುತಿನ ಸಂಖ್ಯೆಗೆ) ಒಂದು ಐಪಿ ಕಾಯ್ದಿರಿಸಿ. ನ್ಯಾಸ್‌ನೊಳಗೇ ಕೈಯಾರೆ ಐಪಿ ಬರೆಯುವುದಕ್ಕಿಂತ ಇದು ಒಳ್ಳೆಯದು. ರೂಟರ್ ಬದಲಾಯಿಸಿದ ದಿನ ನ್ಯಾಸ್ ಕಾಣದೆ ಹೋಗುವ ಭಯವಿರುವುದಿಲ್ಲ.

ಎರಡು, ಮನೆಯ ಸಬ್‌ನೆಟ್, ಅಂದರೆ ಒಳಗಿನ ವಿಳಾಸಗಳ ಸಾಲು. ಬಹುತೇಕ ರೂಟರ್‌ಗಳು 192.168.0 ಅಥವಾ 192.168.1 ಸಾಲಿನಲ್ಲಿ ಬರುತ್ತವೆ. ನೀವು ಹೋಗುವ ಹೋಟೆಲ್, ಅತ್ತೆ ಮನೆ, ಪಿಜಿ ಎಲ್ಲದರಲ್ಲೂ ಅದೇ ಸಾಲಿರುತ್ತದೆ. ನಿಮ್ಮ ಲ್ಯಾಪ್‌ಟಾಪ್ 192.168.1.20 ಹುಡುಕುವಾಗ ಅದು ಮನೆಯದೋ, ಕೂತಿರುವ ಜಾಗದ್ದೋ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಹತ್ತಿರದ್ದನ್ನೇ ಹುಡುಕಿ, ಸಿಗದೆ ಸುಮ್ಮನಾಗುತ್ತದೆ. ವಿಪಿಎನ್ ಹಸಿರು ತೋರಿಸುತ್ತಿರುತ್ತದೆ, ಏನೂ ತೆರೆಯುವುದಿಲ್ಲ. ಮನೆಯ ರೂಟರ್‌ನಲ್ಲಿ ಲ್ಯಾನ್ ವಿಳಾಸವನ್ನು 192.168.47.1ರಂಥ ಅಪರೂಪದ ಸಾಲಿಗೆ ಬದಲಿಸಿ. ಕೆಳಗಿನ ಉದಾಹರಣೆಗಳಲ್ಲೆಲ್ಲ ಮನೆ 192.168.47, ನ್ಯಾಸ್ 192.168.47.10 ಎಂದಿಟ್ಟುಕೊಳ್ಳೋಣ. ಬದಲಿಸಿದ ಮೇಲೆ ಪ್ರಿಂಟರ್, ಕ್ಯಾಮೆರಾ, ಟಿವಿ ಎಲ್ಲವನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕಾಗುತ್ತದೆ. ಆದ್ದರಿಂದ ಮನೆಯಲ್ಲಿ ಎಲ್ಲರೂ ಕೆಲಸದಲ್ಲಿರುವ ಹೊತ್ತಿನಲ್ಲಿ ಇದನ್ನು ಮಾಡಬೇಡಿ.

ಸಿನಾಲಜಿಯಲ್ಲಿ ಓಪನ್‌ವಿಪಿಎನ್ ಹಾಕುವುದನ್ನು ಹಂತ ಹಂತವಾಗಿ ಹೇಳಿ.

1. ಕಂಟ್ರೋಲ್ ಪ್ಯಾನಲ್ → ಎಕ್ಸ್‌ಟರ್ನಲ್ ಆ್ಯಕ್ಸೆಸ್ → ಡಿಡಿಎನ್‌ಎಸ್. ಸಿನಾಲಜಿಯನ್ನೇ ಆರಿಸಿ ನಿಮ್ಮ ಮನೆಗೆ ಒಂದು ಹೆಸರು ಪಡೆಯಿರಿ. ಐಪಿ ಬದಲಾದಾಗ ಈ ಹೆಸರು ಹೊಸ ಐಪಿಯನ್ನು ತೋರಿಸುತ್ತದೆ. ಸ್ಟ್ಯಾಟಿಕ್ ಐಪಿ ಇದ್ದವರಿಗೂ ಹೆಸರು ನೆನಪಿಡುವುದು ಸುಲಭ.

2. ಪ್ಯಾಕೇಜ್ ಸೆಂಟರ್‌ನಿಂದ ವಿಪಿಎನ್ ಸರ್ವರ್ ಇನ್‌ಸ್ಟಾಲ್ ಮಾಡಿ.

3. ಕಂಟ್ರೋಲ್ ಪ್ಯಾನಲ್‌ನಲ್ಲಿ ವಿಪಿಎನ್‌ಗೆಂದೇ ಹೊಸ ಬಳಕೆದಾರರನ್ನು ಮಾಡಿ. ಅಡ್ಮಿನಿಸ್ಟ್ರೇಟರ್ ಗುಂಪಿಗೆ ಸೇರಿಸಬೇಡಿ. ಪಾಸ್‌ವರ್ಡ್ 20 ಅಕ್ಷರಕ್ಕೆ ಕಡಿಮೆ ಬೇಡ, ಫೋನಿನಲ್ಲಿ ಒಮ್ಮೆ ತುಂಬಿದರೆ ಮುಗಿಯಿತಲ್ಲ. ಆಮೇಲೆ ವಿಪಿಎನ್ ಸರ್ವರ್ → ಪ್ರಿವಿಲೇಜ್ ತೆರೆದರೆ ಮನೆಯ ಎಲ್ಲ ಬಳಕೆದಾರರಿಗೂ ಟಿಕ್ ಬಿದ್ದಿರುವುದು ಕಾಣಬಹುದು. ಈ ಹೊಸಬರಿಗೆ ಓಪನ್‌ವಿಪಿಎನ್ ಕಾಲಂನಲ್ಲಿ ಬಿಟ್ಟು ಉಳಿದ ಟಿಕ್‌ಗಳನ್ನೆಲ್ಲ ತೆಗೆಯಿರಿ.

4. ಓಪನ್‌ವಿಪಿಎನ್ ಪುಟದಲ್ಲಿ ಎನೇಬಲ್ ಒತ್ತಿ. ಡೈನಾಮಿಕ್ ಐಪಿ 10.8.0 ಎಂದೇ ಇರಲಿ. ಪೋರ್ಟ್ 1194, ಪ್ರೋಟೋಕಾಲ್ ಯುಡಿಪಿ (ಡೇಟಾ ಕಳಿಸುವ ಎರಡು ಬಗೆಗಳಲ್ಲಿ ಒಂದು, ಇನ್ನೊಂದು ಟಿಸಿಪಿ). ಕಂಪ್ರೆಷನ್ ಟಿಕ್ ತೆಗೆಯಿರಿ. ಫೋಟೋ, ವಿಡಿಯೋ ಈಗಾಗಲೇ ಕುಗ್ಗಿಸಿದ ಫೈಲುಗಳು, ಮತ್ತೆ ಕುಗ್ಗುವುದಿಲ್ಲ. ಮೇಲಾಗಿ ಕಂಪ್ರೆಷನ್ ಇದ್ದಾಗ ಒಳಗಿನ ಮಾಹಿತಿಯನ್ನು ಊಹಿಸುವ ದಾಳಿಯೂ ಇದೆ. ‘ಸರ್ವರ್‌ನ ಲ್ಯಾನ್ ತಲುಪಲು ಕ್ಲೈಂಟ್‌ಗಳಿಗೆ ಬಿಡಿ’ ಎಂಬ ಅರ್ಥದ ಟಿಕ್ ಹಾಕಿದರೆ ಮನೆಯ ಪ್ರಿಂಟರ್, ಕ್ಯಾಮೆರಾ ಕೂಡ ಸಿಗುತ್ತವೆ. ನ್ಯಾಸ್ ಮಾತ್ರ ಸಾಕೆಂದರೆ ಹಾಕಬೇಡಿ. ಟಿಎಲ್‌ಎಸ್ ಆಥ್ ಕೀ ಪರೀಕ್ಷಿಸುವ ಟಿಕ್ ಹಾಕಿ.

5. ಕಂಟ್ರೋಲ್ ಪ್ಯಾನಲ್ → ಸೆಕ್ಯುರಿಟಿ → ಫೈರ್‌ವಾಲ್. ಫೈರ್‌ವಾಲ್ ಆನ್ ಇದ್ದರೆ ಎರಡು ನಿಯಮ ಬೇಕು: ಹೊರಗಿನಿಂದ ಯುಡಿಪಿ 1194 ಬರಲು ಒಂದು, 10.8.0.0 / 255.255.255.0 ಸಾಲಿನಿಂದ ನ್ಯಾಸ್‌ನ ಸೇವೆಗಳಿಗೆ ಬರಲು ಇನ್ನೊಂದು. ಎರಡನೆಯದನ್ನು ಮರೆಯುವವರೇ ಹೆಚ್ಚು. ಕನೆಕ್ಟ್ ಆದ ನಂತರ ನಿಮ್ಮ ಲ್ಯಾಪ್‌ಟಾಪ್ 10.8.0.6ರಂಥ ವಿಳಾಸದಿಂದ ಬರುತ್ತದೆ. 192.168ನ್ನು ಮಾತ್ರ ಬಿಡುವ ಫೈರ್‌ವಾಲ್ ಅದನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ.

6. ರೂಟರ್‌ನಲ್ಲಿ ಯುಡಿಪಿ 1194ನ್ನು 192.168.47.10ಕ್ಕೆ ಫಾರ್ವರ್ಡ್ ಮಾಡಿ. ಟಿಸಿಪಿ ಅಲ್ಲ. ರೂಟರ್ ಮೆನು ತಾನಾಗಿ ಟಿಸಿಪಿ ತೋರಿಸುತ್ತದೆ, ಅದನ್ನು ಬದಲಿಸದೆ ಸೇವ್ ಒತ್ತುವುದು ಅತಿ ಸಾಮಾನ್ಯ ತಪ್ಪು.

7. ಓಪನ್‌ವಿಪಿಎನ್ ಪುಟಕ್ಕೆ ಮರಳಿ ಎಕ್ಸ್‌ಪೋರ್ಟ್ ಒತ್ತಿ. ಒಂದು ಜಿಪ್ ಫೈಲ್ ಇಳಿಯುತ್ತದೆ.

ಆ ಜಿಪ್ ಒಳಗಿನ ಫೈಲಿನಲ್ಲಿ ಏನನ್ನು ತಿದ್ದಬೇಕು?

ಕಾನ್ಫಿಗ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೇಲ್ಭಾಗದಲ್ಲೇ ‘ನಿಮ್ಮ ಸರ್ವರ್ ಐಪಿ’ ಎಂಬ ಅರ್ಥದ ದೊಡ್ಡಕ್ಷರದ ಇಂಗ್ಲಿಷ್ ಪದ, ಅದರ ಮುಂದೆ 1194 ಇರುವ ಸಾಲು ಸಿಗುತ್ತದೆ. ಆ ಪದವನ್ನು ಅಳಿಸಿ ನಿಮ್ಮ ಡಿಡಿಎನ್‌ಎಸ್ ಹೆಸರು ಬರೆಯಿರಿ. ಹೆಸರಿಗೂ 1194ಕ್ಕೂ ನಡುವೆ ಒಂದು ಸ್ಪೇಸ್ ಉಳಿಯಲಿ.

ಅದರ ಕೆಳಗೆ ಗೇಟ್‌ವೇ ತಿರುಗಿಸುವ ಸಾಲಿದೆ, ಅದರ ಮುಂದೆ # ಗುರುತಿದೆ. ಗುರುತು ಹಾಗೇ ಇದ್ದರೆ ಮನೆಗೆ ಹೋಗಬೇಕಾದ ಟ್ರಾಫಿಕ್ ಮಾತ್ರ ವಿಪಿಎನ್ ಒಳಗೆ ಹೋಗುತ್ತದೆ, ಯೂಟ್ಯೂಬ್ ನೇರವಾಗಿ ಹೋಗುತ್ತದೆ. # ತೆಗೆದರೆ ಫೋನಿನ ಎಲ್ಲವೂ ಮನೆಯ ಮೂಲಕವೇ. ರೈಲ್ವೆ ಸ್ಟೇಷನ್ ಅಥವಾ ಕೆಫೆಯ ವೈಫೈನಲ್ಲಿ ಬ್ಯಾಂಕ್ ಕೆಲಸ ಮಾಡುವವರಿಗೆ ಎರಡನೆಯದು ಒಳ್ಳೆಯದು, ಉಳಿದ ಹೊತ್ತು ಮೊದಲನೆಯದೇ ಹಗುರ. ಎರಡು ಪ್ರತಿ ಮಾಡಿ ‘ಮನೆ’ ಮತ್ತು ‘ಪೂರ್ತಿ’ ಎಂದು ಹೆಸರಿಟ್ಟು ಎರಡನ್ನೂ ಫೋನಿಗೆ ಹಾಕಿಕೊಳ್ಳಿ.

ಈ ಫೈಲನ್ನು ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕಳಿಸಬೇಡಿ. ಕೇಬಲ್‌ನಲ್ಲಿ ಫೋನಿಗೆ ಹಾಕಿ, ಓಪನ್‌ವಿಪಿಎನ್ ಕನೆಕ್ಟ್ ಆ್ಯಪ್‌ನಲ್ಲಿ ಇಂಪೋರ್ಟ್ ಮಾಡಿ. ನ್ಯಾಸ್‌ನಲ್ಲಿ ವಿಪಿಎನ್ ಸರ್ವರ್ ಬಳಸುವ ಸರ್ಟಿಫಿಕೇಟ್ ಬದಲಾದರೆ ಹಳೆಯ ಫೈಲ್ ಕೆಲಸ ಮಾಡುವುದಿಲ್ಲ, ಮತ್ತೆ ಎಕ್ಸ್‌ಪೋರ್ಟ್ ಮಾಡಿ ಹಂಚಬೇಕು.

ಎಲ್ಲ ಮಾಡಿದೆ, ಮನೆಯಲ್ಲಿ ಕೂತು ನೋಡಿದರೆ ಕನೆಕ್ಟ್ ಆಗುತ್ತಿಲ್ಲ.

ಮನೆಯ ವೈಫೈನಿಂದ ಪರೀಕ್ಷಿಸಬೇಡಿ. ಒಳಗಿನಿಂದ ಹೊರಟು ಹೊರಗಿನ ವಿಳಾಸ ಮುಟ್ಟಿ ಮತ್ತೆ ಒಳಬರುವ ತಿರುವನ್ನು ಹಲವು ರೂಟರ್‌ಗಳು ಬಿಡುವುದಿಲ್ಲ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನೋಡಿ. ಆಗಲೂ ಟೈಮ್‌ಔಟ್ ಬಂದರೆ ಹೀಗೆ ಹುಡುಕಿ: ಡಿಡಿಎನ್‌ಎಸ್ ಹೆಸರು ತೋರುವ ಐಪಿ ಮತ್ತು ರೂಟರ್‌ನ ವ್ಯಾನ್ ಐಪಿ ಒಂದೇ ಇದೆಯೇ, ಫಾರ್ವರ್ಡ್ ಯುಡಿಪಿಯೇ, ನ್ಯಾಸ್ ಫೈರ್‌ವಾಲ್ ಬಿಟ್ಟಿದೆಯೇ. ಟೈಮ್‌ಔಟ್ ಬದಲು ‘ಪಾಸ್‌ವರ್ಡ್ ತಪ್ಪು’ ಎಂಬ ಸಂದೇಶ ಬಂದರೆ ಸಂತೋಷಪಡಿ, ದಾರಿ ಸರಿಯಾಗಿದೆ. ಪಾಸ್‌ವರ್ಡ್ ಮತ್ತು ಪ್ರಿವಿಲೇಜ್ ಪುಟ ಮಾತ್ರ ನೋಡಿದರೆ ಸಾಕು.

ಕಂಪ್ಯೂಟರಿನಲ್ಲಿ ಓಪನ್‌ವಿಪಿಎನ್ 2.6 ಹಾಕಿಕೊಂಡವರಿಗೆ ಸೈಫರ್ (ಡೇಟಾವನ್ನು ಗುಪ್ತವಾಗಿಸುವ ವಿಧಾನ) ಹೊಂದುತ್ತಿಲ್ಲ ಎಂಬ ಸಾಲು ಲಾಗ್‌ನಲ್ಲಿ ಕಾಣಬಹುದು. ಹೊಸ ಆವೃತ್ತಿ ತಾನಾಗಿ ಜಿಸಿಎಂನಂಥ ಹೊಸ ಸೈಫರ್‌ಗಳನ್ನೇ ಕೇಳುತ್ತದೆ, ನ್ಯಾಸ್ ಸಿಬಿಸಿ ಎನ್ನುತ್ತಿರುತ್ತದೆ. ಫೈಲಿನಲ್ಲಿ ಡೇಟಾ ಸೈಫರ್ಸ್ ಫಾಲ್‌ಬ್ಯಾಕ್ ಎಂಬ ಸಾಲು ಸೇರಿಸಿ, ಅದಕ್ಕೆ ನ್ಯಾಸ್‌ನಲ್ಲಿ ಆರಿಸಿದ ಸೈಫರ್ ಹೆಸರನ್ನೇ ಕೊಡಿ.

ನನಗೆ ಪಬ್ಲಿಕ್ ಐಪಿ ಸಿಗುವುದೇ ಇಲ್ಲ ಎಂದರು. ದಾರಿ ಇದೆಯೇ?

ಇದೆ, ಮತ್ತು ಹೊಸದಾಗಿ ಶುರು ಮಾಡುವ ಎಲ್ಲರಿಗೂ ಅದೇ ಸುಲಭದ ದಾರಿ: ಟೇಲ್‌ಸ್ಕೇಲ್. ಒಳಗೆ ಓಡುವುದು ವೈರ್‌ಗಾರ್ಡೇ. ನ್ಯಾಸ್ ಮತ್ತು ಫೋನ್ ಎರಡೂ ಹೊರಗಿನ ಒಂದು ಸರ್ವರ್‌ಗೆ ತಾವಾಗಿಯೇ ಕರೆ ಮಾಡಿ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತವೆ, ಆಮೇಲೆ ಸಾಧ್ಯವಾದರೆ ನೇರವಾಗಿ ಮಾತಾಡುತ್ತವೆ. ನೇರ ದಾರಿ ಸಿಗದಿದ್ದರೆ ಟೇಲ್‌ಸ್ಕೇಲ್‌ನ ರಿಲೇ ಮೂಲಕ ಹೋಗುತ್ತವೆ. ಆಗ ವೇಗ ಇಳಿಯುತ್ತದೆ, ಆದರೆ ಕೀಗಳು ನಿಮ್ಮ ಸಾಧನಗಳಲ್ಲೇ ಇರುವುದರಿಂದ ರಿಲೇ ನಿಮ್ಮ ಫೈಲನ್ನು ಓದಲಾರದು. ಪೋರ್ಟ್ ಫಾರ್ವರ್ಡ್ ಬೇಡ, ಡಿಡಿಎನ್‌ಎಸ್ ಬೇಡ. ಮನೆ ಬಳಕೆಗೆ ಉಚಿತ ಪ್ಲಾನ್ ಇದೆ.

ಸಿನಾಲಜಿಯ ಪ್ಯಾಕೇಜ್ ಸೆಂಟರ್‌ನಲ್ಲೂ ಕ್ಯೂನ್ಯಾಪ್‌ನ ಆ್ಯಪ್ ಸೆಂಟರ್‌ನಲ್ಲೂ ಅದು ಸಿಗುತ್ತದೆ. ಇನ್‌ಸ್ಟಾಲ್ ಮಾಡಿ ಲಾಗಿನ್ ಆಗಿ, ಫೋನಿನಲ್ಲೂ ಅದೇ ಖಾತೆಯಿಂದ ಲಾಗಿನ್ ಆಗಿ. ನ್ಯಾಸ್‌ಗೆ 100ರಿಂದ ಶುರುವಾಗುವ ಒಂದು ವಿಳಾಸ ಸಿಗುತ್ತದೆ, ಅದೇ ಇನ್ನು ಮುಂದೆ ನಿಮ್ಮ ನ್ಯಾಸ್‌ನ ವಿಳಾಸ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಇಲ್ಲಿಗೇ ನಿಲ್ಲಿಸಿದವರಿಗೆ ಮೂರು ಕಡೆ ತೊಂದರೆಯಾಗುತ್ತದೆ:

ನ್ಯಾಸ್‌ನ ಕೀ ಸಾಮಾನ್ಯವಾಗಿ 180 ದಿನಕ್ಕೆ ಮುಗಿಯುತ್ತದೆ. ಆರು ತಿಂಗಳ ನಂತರ, ನೀವು ದೂರ ಇರುವಾಗಲೇ, ನ್ಯಾಸ್ ಕಾಣೆಯಾಗುತ್ತದೆ. ಟೇಲ್‌ಸ್ಕೇಲ್‌ನ ಅಡ್ಮಿನ್ ಪುಟದಲ್ಲಿ ನ್ಯಾಸ್‌ನ ಹೆಸರಿನ ಮುಂದಿನ ಮೂರು ಚುಕ್ಕೆ ಒತ್ತಿ ಕೀ ಎಕ್ಸ್‌ಪೈರಿಯನ್ನು ಇವತ್ತೇ ಆಫ್ ಮಾಡಿ.

ಮನೆಯ ಬೇರೆ ಸಾಧನಗಳೂ ಬೇಕಿದ್ದರೆ ನ್ಯಾಸ್‌ನಿಂದ 192.168.47.0/24 ಸಬ್‌ನೆಟ್ ರೂಟನ್ನು ಘೋಷಿಸಬೇಕು, ಆಮೇಲೆ ಅಡ್ಮಿನ್ ಪುಟದಲ್ಲಿ ಅದನ್ನು ಒಪ್ಪಬೇಕು. ಎರಡನೆಯ ಹೆಜ್ಜೆಯಿಲ್ಲದೆ ಮೊದಲನೆಯದು ಸುಮ್ಮನೆ ಕೂತಿರುತ್ತದೆ.

ಡಿಎಸ್‌ಎಂ 7ರಲ್ಲಿ ಹೊರಗಿನಿಂದ ನ್ಯಾಸ್‌ಗೆ ಬರುವುದು ತಾನಾಗಿ ನಡೆಯುತ್ತದೆ. ನ್ಯಾಸ್‌ನಿಂದ ಹೊರಟು ಇನ್ನೊಂದು ಟೇಲ್‌ಸ್ಕೇಲ್ ಸಾಧನಕ್ಕೆ ಹೋಗುವುದು, ಉದಾಹರಣೆಗೆ ಅಣ್ಣನ ಮನೆಯ ನ್ಯಾಸ್‌ಗೆ ಬ್ಯಾಕಪ್ ಕಳಿಸುವುದು, ತಾನಾಗಿ ನಡೆಯುವುದಿಲ್ಲ. ಪ್ಯಾಕೇಜ್‌ಗೆ ಟನ್ ಸಾಧನ (ವಿಪಿಎನ್ ಬಳಸುವ ಕಾಲ್ಪನಿಕ ನೆಟ್‌ವರ್ಕ್ ಕಾರ್ಡ್) ತೆರೆಯುವ ಅನುಮತಿ ಇಲ್ಲದಿರುವುದೇ ಕಾರಣ. ಟಾಸ್ಕ್ ಶೆಡ್ಯೂಲರ್‌ನಲ್ಲಿ, ಬೂಟ್ ಆದಾಗ ರೂಟ್ ಬಳಕೆದಾರನಾಗಿ ಓಡುವ ಒಂದು ಟಾಸ್ಕ್ ಹಾಕಿ ಆ ಅನುಮತಿ ಕೊಡಬೇಕು. ಬೇಕಾದ ಎರಡು ಸಾಲಿನ ಆಜ್ಞೆ ಟೇಲ್‌ಸ್ಕೇಲ್‌ನ ಸಿನಾಲಜಿ ಸಹಾಯ ಪುಟದಲ್ಲೇ ಇದೆ. ಪ್ಯಾಕೇಜ್ ಅಪ್‌ಡೇಟ್ ಆದಾಗ ಆ ಟಾಸ್ಕನ್ನು ಮತ್ತೊಮ್ಮೆ ಓಡಿಸಿ.

ಐಪಿವಿ6 ಇದ್ದರೆ ಸಿಜಿನ್ಯಾಟ್ ತೊಂದರೆ ಇಲ್ಲವಂತೆ?

ಅರ್ಧ ನಿಜ. ಐಪಿವಿ6 ಅಂದರೆ ವಿಳಾಸಗಳ ಕೊರತೆಯಿಲ್ಲದ ಹೊಸ ಐಪಿ ಪದ್ಧತಿ. ಅದರಲ್ಲಿ ನ್ಯಾಸ್‌ಗೇ ಸ್ವಂತ ಪಬ್ಲಿಕ್ ವಿಳಾಸ ಸಿಗುತ್ತದೆ. ಫಾರ್ವರ್ಡ್ ಬೇಡ, ರೂಟರ್‌ನ ಐಪಿವಿ6 ಫೈರ್‌ವಾಲ್‌ನಲ್ಲಿ ಆ ಒಂದು ಪೋರ್ಟ್ ಬಿಟ್ಟರೆ ಸಾಕು. ಆದರೆ ಕಂಪನಿ ಕೊಟ್ಟ ಎಷ್ಟೋ ಡಬ್ಬಿಗಳಲ್ಲಿ ಆ ಮೆನುವೇ ಇರುವುದಿಲ್ಲ. ಜೊತೆಗೆ ನೀವು ಕೂತಿರುವ ಕಡೆಯೂ ಐಪಿವಿ6 ಇರಬೇಕು. ನಮ್ಮ ಮೊಬೈಲ್ ಡೇಟಾದಲ್ಲಿ ಬಹುತೇಕ ಇರುತ್ತದೆ, ಹೋಟೆಲ್ ಮತ್ತು ಆಫೀಸ್ ವೈಫೈನಲ್ಲಿ ಬಹುತೇಕ ಇರುವುದಿಲ್ಲ.

ಸಿನಾಲಜಿಯಲ್ಲಿ ವೈರ್‌ಗಾರ್ಡ್ ಯಾಕಿಲ್ಲ? ಹೇಗಾದರೂ ಹಾಕಬಹುದೇ?

ವೈರ್‌ಗಾರ್ಡ್ ಡಿಎಸ್‌ಎಂಗೆ ತಳಹದಿಯಾದ ಲಿನಕ್ಸ್ ಕರ್ನಲ್‌ನೊಳಗೆ ಸೇರಿದ್ದು 2020ರಲ್ಲಿ, 5.6 ಆವೃತ್ತಿಯಿಂದ. ಡಿಎಸ್‌ಎಂ 7 ಓಡಿಸುವ ಬಹಳಷ್ಟು ಮಾಡೆಲ್‌ಗಳಲ್ಲಿ ಇನ್ನೂ 4.4 ಕರ್ನಲ್ ಇದೆ. ಹೊರಗಿನವರು ಕಟ್ಟಿದ ಕರ್ನಲ್ ಮಾಡ್ಯೂಲ್ ಹಾಕಬಹುದು, ಆದರೆ ಡಿಎಸ್‌ಎಂ ಅಪ್‌ಡೇಟ್ ಆದ ದಿನ ಅದು ಮುರಿಯುವ ಸಾಧ್ಯತೆ ಇದೆ. ಹಾಗೆ ಮುರಿದಾಗ ನೀವು ಊರಲ್ಲಿ ಇರುವುದಿಲ್ಲ. ವೈರ್‌ಗಾರ್ಡ್ ಬೇಕೇ ಬೇಕಿದ್ದರೆ ರೂಟರ್‌ನಲ್ಲಿ ಹಾಕಿ. ಓಪನ್‌ಡಬ್ಲ್ಯುಆರ್‌ಟಿ ಓಡುವ ರೂಟರ್‌ಗಳಲ್ಲೂ ಮೈಕ್ರೋಟಿಕ್‌ನ ರೂಟರ್‌ಒಎಸ್ 7ರಲ್ಲೂ ಅದು ಇದೆ. ಪೋರ್ಟ್ ಸಾಮಾನ್ಯವಾಗಿ ಯುಡಿಪಿ 51820. ಓಪನ್‌ಮೀಡಿಯಾವಾಲ್ಟ್ ಬಳಸುವವರಿಗೆ ಅದಕ್ಕೊಂದು ಪ್ಲಗಿನ್ ಸಿಗುತ್ತದೆ.

ಕೈಯಾರೆ ವೈರ್‌ಗಾರ್ಡ್ ಹಾಕಿದವರು ಎರಡು ವಿಷಯ ನೆನಪಿಡಿ. ಫೋನ್ ಕಡೆ ಕೀಪ್‌ಅಲೈವ್ 25 ಸೆಕೆಂಡ್ ಇಡಿ, ಇಲ್ಲದಿದ್ದರೆ ನಡುವಿನ ನ್ಯಾಟ್ ಸಂಪರ್ಕವನ್ನು ಮರೆತುಬಿಡುತ್ತದೆ. ಇನ್ನೊಂದು, ವೈರ್‌ಗಾರ್ಡ್ ಸರ್ವರ್‌ನ ಹೆಸರನ್ನು ಸಾಮಾನ್ಯವಾಗಿ ಶುರುವಿನಲ್ಲಿ ಒಮ್ಮೆ ಮಾತ್ರ ಕೇಳಿಕೊಳ್ಳುತ್ತದೆ. ಮನೆಯ ಐಪಿ ನಡುವೆ ಬದಲಾದರೆ ಹಳೆಯದಕ್ಕೇ ಬಡಿಯುತ್ತಿರುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದೆ.

ಕನೆಕ್ಟ್ ಆಗಿದೆ, ಆದರೆ ವಿಂಡೋಸ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ನ್ಯಾಸ್ ಕಾಣುತ್ತಿಲ್ಲ.

ಕಾಣುವುದಿಲ್ಲ, ಅದು ದೋಷವಲ್ಲ. ಆ ಪಟ್ಟಿ ತುಂಬುವುದು ಒಂದೇ ನೆಟ್‌ವರ್ಕ್‌ನೊಳಗೆ ಎಲ್ಲರಿಗೂ ಕೂಗಿ ಹೇಳುವ ಸಂದೇಶಗಳಿಂದ. ಆ ಕೂಗು ವಿಪಿಎನ್ ದಾಟಿ ಬರುವುದಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸ ಪಟ್ಟಿಯಲ್ಲಿ ನೇರವಾಗಿ \\10.8.0.1 ಎಂದು ಬರೆದು ಎಂಟರ್ ಒತ್ತಿ. ಲ್ಯಾನ್ ಟಿಕ್ ಹಾಕಿದ್ದರೆ \\192.168.47.10 ಕೂಡ ಆಗುತ್ತದೆ. ಟೇಲ್‌ಸ್ಕೇಲ್ ಆದರೆ ಅದರ 100ರ ವಿಳಾಸ.

ಫೋಲ್ಡರ್ ತೆರೆಯುತ್ತದೆ, ಚಿಕ್ಕ ಫೈಲ್ ಬರುತ್ತದೆ. ದೊಡ್ಡದನ್ನು ಎಳೆದರೆ ಹಾಗೇ ನಿಂತುಬಿಡುತ್ತದೆ.

ಇದು ಎಂಟಿಯು, ಅಂದರೆ ಒಂದು ಸಲಕ್ಕೆ ಹೋಗಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರದ ತೊಂದರೆ. ಗುರುತು ಸ್ಪಷ್ಟ: ಪಿಂಗ್ ಹೋಗುತ್ತದೆ, ಲಾಗಿನ್ ಪುಟದ ಅರ್ಧ ಬರುತ್ತದೆ, ಹೆಚ್ಚು ಡೇಟಾ ಹರಿಯಬೇಕಾದಾಗ ಗಾಲಿ ತಿರುಗುತ್ತಾ ನಿಲ್ಲುತ್ತದೆ. ಒಂದು ಪ್ಯಾಕೆಟ್ ಸಾಮಾನ್ಯವಾಗಿ 1500 ಬೈಟ್. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಕನೆಕ್ಟ್ ಆಗುವ ಬಗೆ) ಮೂಲಕ ಬರುವ ಫೈಬರ್‌ನಲ್ಲಿ 8 ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ. ವೈರ್‌ಗಾರ್ಡ್ ತನ್ನ ಹೊದಿಕೆಗೆ ಐಪಿವಿ4ನಲ್ಲಿ 60, ಐಪಿವಿ6ನಲ್ಲಿ 80 ಬೈಟ್ ತೆಗೆದುಕೊಳ್ಳುತ್ತದೆ. ಅದು ತಾನಾಗಿ ಇಟ್ಟುಕೊಳ್ಳುವ 1420, 1500ರ ಲೆಕ್ಕದ್ದು. 1492ರ ದಾರಿಯಲ್ಲಿ ಐಪಿವಿ6 ಮೇಲೆ ಹೋದರೆ 1412 ಮಾತ್ರ ಹಿಡಿಯುತ್ತದೆ. ಆ 8 ಬೈಟ್ ಹೆಚ್ಚಾದ ಪ್ಯಾಕೆಟ್ ದಾರಿಯಲ್ಲಿ ಬಿದ್ದುಹೋಗುತ್ತದೆ. ‘ದೊಡ್ಡದಾಯಿತು’ ಎಂಬ ವಾಪಸ್ ಸಂದೇಶವನ್ನು ನಡುವಿನ ಯಾವುದೋ ಫೈರ್‌ವಾಲ್ ನುಂಗಿದರೆ ಕಳಿಸಿದವರಿಗೆ ತಿಳಿಯುವುದೇ ಇಲ್ಲ. ಕ್ಲೈಂಟ್ ಕಡೆ ಎಂಟಿಯು 1380 ಇಟ್ಟು ನೋಡಿ, ಆಗದಿದ್ದರೆ 1280. ಅದಕ್ಕಿಂತ ಇಳಿಸಬೇಡಿ, ಐಪಿವಿ6ಗೆ ಕನಿಷ್ಠ ಅಷ್ಟು ಬೇಕು. ಓಪನ್‌ವಿಪಿಎನ್ ಆದರೆ ಎಂಎಸ್‌ಎಸ್‌ಫಿಕ್ಸ್ ಎಂಬ ಸಾಲಿನಲ್ಲಿ 1300 ಕೊಟ್ಟು ನೋಡಿ.

ಮನೆಯಲ್ಲಿ 100 ಎಂಬಿಪಿಎಸ್ ಇದ್ದರೂ ಯಾಕೆ ಇಷ್ಟು ನಿಧಾನ?

ನೀವು ಹೊರಗಿನಿಂದ ಫೈಲ್ ಇಳಿಸುವಾಗ ಮನೆ ಅದನ್ನು ಅಪ್‌ಲೋಡ್ ಮಾಡುತ್ತಿರುತ್ತದೆ. ಆದ್ದರಿಂದ ಲೆಕ್ಕಕ್ಕೆ ಬರುವುದು ಮನೆಯ ಅಪ್‌ಲೋಡ್ ವೇಗ. ಅದು 40 ಎಂಬಿಪಿಎಸ್ ಇದ್ದರೆ 1 ಜಿಬಿ ಫೈಲಿಗೆ ಕನಿಷ್ಠ 200 ಸೆಕೆಂಡ್, ಹೊದಿಕೆಯ ಭಾರ ಸೇರಿ ಇನ್ನೂ ಸ್ವಲ್ಪ.

ಅದಾದ ಮೇಲೆ ನ್ಯಾಸ್‌ನ ಪ್ರೊಸೆಸರ್. ಓಪನ್‌ವಿಪಿಎನ್ ಒಂದೇ ಕೋರ್‌ನಲ್ಲಿ ಓಡುತ್ತದೆ, ನಾಲ್ಕು ಕೋರ್ ಇದ್ದರೂ ಮೂರು ಸುಮ್ಮನೆ ಕೂತಿರುತ್ತವೆ. ರಿಸೋರ್ಸ್ ಮಾನಿಟರ್‌ನಲ್ಲಿ 25%ಗೇ ನಿಂತಿದ್ದರೆ ಕಾರಣ ಅದೇ.

ಅಮೆರಿಕದಲ್ಲೋ ಯುರೋಪಿನಲ್ಲೋ ಇರುವವರಿಗೆ ಮೂರನೆಯ ಕಾರಣವೂ ಇದೆ. ಅಮೆರಿಕದಿಂದ ಬೆಂಗಳೂರಿಗೆ ಹೋಗಿ ಬರಲು ಪ್ಯಾಕೆಟ್‌ಗೆ ಸುಮಾರು ಕಾಲು ಸೆಕೆಂಡ್ ಬೇಕು. ವಿಂಡೋಸ್ ಫೋಲ್ಡರ್ ಹಂಚಿಕೆಯ ಎಸ್‌ಎಂಬಿ ಮಾತುಗಾರ ಪ್ರೋಟೋಕಾಲ್, ಪ್ರತಿ ಫೈಲಿಗೂ ಹಲವು ಸಲ ಹೋಗಿ ಬರುತ್ತದೆ. ಸಾವಿರ ಚಿಕ್ಕ ಫೋಟೋ ಇರುವ ಫೋಲ್ಡರ್ ತೆರೆಯುವುದರಲ್ಲಿ ಕಾಫಿ ಆರಿಹೋಗುತ್ತದೆ. ಅಲ್ಲಿಂದ ಡ್ರೈವ್ ಮ್ಯಾಪ್ ಮಾಡಿ ಕೆಲಸ ಮಾಡುವ ಬದಲು ಸಿನಾಲಜಿ ಡ್ರೈವ್‌ನಿಂದ ಸಿಂಕ್ ಮಾಡಿಕೊಳ್ಳಿ, ಇಲ್ಲವೇ ಎಸ್‌ಎಫ್‌ಟಿಪಿಯಲ್ಲಿ ಇಳಿಸಿಕೊಳ್ಳಿ. ವಿಡಿಯೋ ಎಡಿಟ್ ಮಾಡುವುದಾದರೆ ಫೈಲನ್ನು ಮೊದಲು ಲ್ಯಾಪ್‌ಟಾಪ್‌ಗೆ ತನ್ನಿ.

ಕರೆಂಟ್ ಹೋಗಿ ಬಂದರೆ ನ್ಯಾಸ್ ಸಿಗುವುದೇ ಇಲ್ಲ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ.

ಅವರಿಗೆ ಫೋನ್ ಮಾಡಿ ‘ಹಸಿರು ಲೈಟ್ ಪಕ್ಕದ ಬಟನ್ ಒತ್ತಿ’ ಎಂದು ಹೇಳುವ ಪರಿಸ್ಥಿತಿ ಬರದಂತೆ ನೋಡಿಕೊಳ್ಳುವುದು ಈ ಇಡೀ ಕೆಲಸದಲ್ಲಿ ಅತಿ ಮುಖ್ಯ. ಕಂಟ್ರೋಲ್ ಪ್ಯಾನಲ್ → ಹಾರ್ಡ್‌ವೇರ್ ಆ್ಯಂಡ್ ಪವರ್‌ನಲ್ಲಿ, ಕರೆಂಟ್ ಬಂದಾಗ ತಾನಾಗಿ ಶುರುವಾಗುವ ಟಿಕ್ ಹಾಕಿ. ನ್ಯಾಸ್‌ಗೆ ಯುಪಿಎಸ್ ಕೊಟ್ಟು, ಅದರ ಯುಎಸ್‌ಬಿ ತಂತಿಯನ್ನು ನ್ಯಾಸ್‌ಗೆ ಸಿಕ್ಕಿಸಿ, ಬ್ಯಾಟರಿ ಮುಗಿಯುವ ಮುಂಚೆ ಡಿಸ್ಕ್ ಸುರಕ್ಷಿತವಾಗಿ ನಿಲ್ಲುವಂತೆ ಮಾಡಿ. ಯುಪಿಎಸ್ ಇಲ್ಲದೆ ಬರೆಯುವ ಹೊತ್ತಿನಲ್ಲಿ ಕರೆಂಟ್ ಹೋದರೆ ವಿಪಿಎನ್ ಅಲ್ಲ, ಫೋಟೋಗಳೇ ಹೋಗಬಹುದು.

ಫೈಬರ್ ಡಬ್ಬಿ ಮತ್ತು ರೂಟರ್‌ಗೂ ಬೇರೆ ಬ್ಯಾಕಪ್ ಬೇಕು. ಇವು ಬಹುತೇಕ 12 ವೋಲ್ಟ್‌ನವು, ಅಂಗಡಿಯಲ್ಲಿ ರೂಟರ್ ಯುಪಿಎಸ್ ಎಂದು ಕೇಳಿದರೆ ಸಿಗುವ ಚಿಕ್ಕ ಪೆಟ್ಟಿಗೆ ಸಾಕು. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿ. 2 ಆಂಪಿಯರ್ ಬೇಡುವ ರೂಟರ್‌ಗೆ 1 ಆಂಪಿಯರ್‌ನದು ಕೊಟ್ಟರೆ ಲೈಟ್ ಉರಿಯುತ್ತದೆ, ವೈಫೈ ಬಂದು ಹೋಗುತ್ತಿರುತ್ತದೆ.

ಕರೆಂಟ್ ಬಂದಾಗ ಐಪಿ ಬದಲಾಗಿರಬಹುದು. ಡಿಡಿಎನ್‌ಎಸ್ ಹೊಸದನ್ನು ತೋರಿಸಲು ಕೆಲವು ನಿಮಿಷ ಹಿಡಿಯುತ್ತದೆ, ಅಷ್ಟು ಕಾದು ನೋಡಿ. ಓಪನ್‌ವಿಪಿಎನ್ ಹಾಕಿದವರೂ ಎರಡನೆಯ ದಾರಿಯಾಗಿ ಟೇಲ್‌ಸ್ಕೇಲ್ ಹಾಕಿಡಿ. ಒಂದು ಮುರಿದಾಗ ಇನ್ನೊಂದರಿಂದ ಒಳಗೆ ಹೋಗಿ ಸರಿಮಾಡಬಹುದು.

ಹೋಟೆಲ್ ವೈಫೈನಲ್ಲಿ ಮಾತ್ರ ಆಗುವುದಿಲ್ಲ.

ಅಲ್ಲಿ ಬಹುಶಃ ಯುಡಿಪಿಯನ್ನೇ ತಡೆದಿರುತ್ತಾರೆ. ಫೋನಿನ ಹಾಟ್‌ಸ್ಪಾಟ್ ಬಳಸಿ. ಟೇಲ್‌ಸ್ಕೇಲ್ ಇದ್ದರೆ ಅದು ತಾನಾಗಿ 443ರ ಮೂಲಕ ರಿಲೇಗೆ ಹೋಗುತ್ತದೆ. ಓಪನ್‌ವಿಪಿಎನ್‌ನ್ನು ಟಿಸಿಪಿ 443ರಲ್ಲಿ ಓಡಿಸುವುದೂ ಒಂದು ದಾರಿ, ಆದರೆ ಟಿಸಿಪಿಯೊಳಗೆ ಟಿಸಿಪಿ ಓಡಿದಾಗ ಒಂದು ಪ್ಯಾಕೆಟ್ ಕಳೆದರೆ ಎರಡೂ ಪದರ ಮತ್ತೆ ಕಳಿಸಲು ಹೋಗಿ ಎಲ್ಲವೂ ಎಳೆಯುತ್ತದೆ. ಆಫೀಸಿನ ನೆಟ್‌ವರ್ಕ್‌ನಲ್ಲಿ ಅವರ ನಿಯಮ ಕೇಳದೆ ಇದನ್ನು ಮಾಡಬೇಡಿ.

ನ್ಯಾಸ್‌ನ ಡೌನ್‌ಲೋಡುಗಳು ಮಾತ್ರ ಹೊರಗಿನ ವಿಪಿಎನ್ ಮೂಲಕ ಹೋಗಬೇಕು. ಹೇಗೆ?

ಕಂಟ್ರೋಲ್ ಪ್ಯಾನಲ್ → ನೆಟ್‌ವರ್ಕ್ → ನೆಟ್‌ವರ್ಕ್ ಇಂಟರ್‌ಫೇಸ್ → ಕ್ರಿಯೇಟ್‌ನಲ್ಲಿ ವಿಪಿಎನ್ ಪ್ರೊಫೈಲ್ ಸೇರಿಸಬಹುದು. ಆದರೆ ಡೀಫಾಲ್ಟ್ ಗೇಟ್‌ವೇ ಟಿಕ್ ಹಾಕಿದರೆ ಇಡೀ ನ್ಯಾಸ್ ಆ ದಾರಿಗೆ ತಿರುಗುತ್ತದೆ. ಮನೆಯ ಬಾಗಿಲಿನಿಂದ ಬಂದ ಕರೆಗೆ ವಿಪಿಎನ್ ಕಂಪನಿಯ ಬಾಗಿಲಿನಿಂದ ಉತ್ತರ ಹೋಗುತ್ತದೆ, ಕರೆದವರಿಗೆ ಅದು ತಲುಪುವುದಿಲ್ಲ. ಜನರಲ್ ಪುಟದ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಮಲ್ಟಿಪಲ್ ಗೇಟ್‌ವೇ ಆನ್ ಮಾಡಿದರೆ ಇದು ಸರಿಯಾಗುತ್ತದೆ. ಇನ್ನೊಂದು ತೊಂದರೆ ಉಳಿಯುತ್ತದೆ: ವಿಪಿಎನ್ ಕಡಿದರೆ ಡೌನ್‌ಲೋಡ್ ನಿಲ್ಲದೆ ಮನೆಯ ಐಪಿಯಿಂದಲೇ ಮುಂದುವರಿಯಬಹುದು. ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಓಡುವ ಮಾಡೆಲ್ ಇದ್ದರೆ, ವಿಪಿಎನ್ ಕ್ಲೈಂಟ್ ಆಗಿರುವ ಗ್ಲೂಟನ್ ಕಂಟೇನರ್ ಹಾಕಿ, ಡೌನ್‌ಲೋಡ್ ಕಂಟೇನರ್‌ನ ನೆಟ್‌ವರ್ಕನ್ನು ಅದರೊಳಗಿಂದ ಮಾತ್ರ ಕೊಡಿ. ವಿಪಿಎನ್ ಬಿದ್ದರೆ ಡೌನ್‌ಲೋಡೂ ನಿಲ್ಲುತ್ತದೆ, ಉಳಿದ ನ್ಯಾಸ್‌ಗೆ ಏನೂ ಆಗುವುದಿಲ್ಲ.

ಇದು ಕಾನೂನುಬದ್ಧವೇ?

ಭಾರತದಲ್ಲಿ ಸ್ವಂತ ಮನೆಗೆ ಹೋಗಲು ಸ್ವಂತ ವಿಪಿಎನ್ ಇಟ್ಟುಕೊಳ್ಳುವುದಕ್ಕೆ ತಡೆಯಿಲ್ಲ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನ ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕು ಎಂದು ಹೇಳುವುದು ವಿಪಿಎನ್ ಸೇವೆ ಮಾರುವವರಿಗೆ. ದುಬೈ, ಅಬುಧಾಬಿಯಲ್ಲಿರುವವರು ಮಾತ್ರ ಎಚ್ಚರವಾಗಿರಿ. ಅಲ್ಲಿ ಅಪರಾಧ ಮಾಡಲು ಅಥವಾ ಮುಚ್ಚಿಡಲು ಐಪಿ ಮರೆಸಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡವಿದೆ. ಅಲ್ಲಿ ತಡೆದಿರುವ ಕರೆ ಆ್ಯಪ್‌ಗಳನ್ನು ಮನೆಯ ವಿಪಿಎನ್ ಮೂಲಕ ಓಡಿಸಲು ಹೋಗಬೇಡಿ. ‘ಪೂರ್ತಿ’ ಪ್ರೊಫೈಲ್ ಬಿಟ್ಟು ‘ಮನೆ’ ಪ್ರೊಫೈಲನ್ನೇ ಬಳಸಿ.

ವಿಪಿಎನ್ ಇದ್ದ ಫೋನ್ ಕಳೆದುಹೋಯಿತು. ಈಗ?

ಟೇಲ್‌ಸ್ಕೇಲ್ ಆದರೆ ಅಡ್ಮಿನ್ ಪುಟ ತೆರೆದು ಆ ಫೋನನ್ನು ತೆಗೆದುಹಾಕಿ, ತಕ್ಷಣ ಹೊರಗಾಗುತ್ತದೆ. ಲಾಗಿನ್‌ಗೆ ಬಳಸಿದ ಇಮೇಲ್ ಖಾತೆ ಆ ಫೋನಿನಲ್ಲೂ ತೆರೆದಿತ್ತಲ್ಲ, ಅದರ ಪಾಸ್‌ವರ್ಡನ್ನೂ ಬದಲಿಸಿ. ವೈರ್‌ಗಾರ್ಡ್ ಆದರೆ ಸರ್ವರ್‌ನಲ್ಲಿ ಆ ಫೋನಿನ ಪಬ್ಲಿಕ್ ಕೀ ಇರುವ ಭಾಗ ಅಳಿಸಿ. ಓಪನ್‌ವಿಪಿಎನ್ ಆದರೆ ಆ ಬಳಕೆದಾರರ ಪಾಸ್‌ವರ್ಡ್ ಬದಲಿಸಿ, ವಿಪಿಎನ್ ಸರ್ವರ್‌ನ ಕನೆಕ್ಷನ್ ಪಟ್ಟಿಯಲ್ಲಿ ಅವರು ಈಗಲೂ ಇದ್ದರೆ ಡಿಸ್‌ಕನೆಕ್ಟ್ ಒತ್ತಿ. ಮನೆಯವರೆಲ್ಲ ಒಂದೇ ಬಳಕೆದಾರ ಹೆಸರು ಬಳಸುತ್ತಿದ್ದರೆ ಈಗ ಎಲ್ಲರ ಫೋನಿಗೂ ಹೊಸ ಪಾಸ್‌ವರ್ಡ್ ತುಂಬಬೇಕಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಹೆಸರು ಕೊಟ್ಟಿದ್ದರೆ ಒಂದನ್ನು ಮುಚ್ಚಿದರೆ ಮುಗಿಯಿತು.